ಸುವರ್ಣಗಿರಿ ಎಲ್ಲಿತ್ತು? ಶಾಸನಪಾಠಗಳಿಗೆ ಅರ್ಥಗುರುತು ಹಾಕುವ ಉಪಕರಣಗಳ ಹೋಲಿಕೆ

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿ ಓದಿದಾಗ, ಕಂಬಗಳ ಮೇಲೂ ಬಂಡೆಗಳ ಮೇಲೂ ತನ್ನ ಮಾತುಗಳನ್ನು ಕೊರೆಸಿದ್ದ 'ದೇವಾನಂಪಿಯ ಪಿಯದಸಿ' ಯಾವ ದೊರೆಯೆಂಬುದು ಗೊತ್ತಿರಲಿಲ್ಲ. ಪ್ರಿನ್ಸೆಪ್ ಅವರು ಮೊದಲು ಆತನನ್ನು ಸಿಂಹಳದ ಅರಸು ದೇವಾನಂಪಿಯ ತಿಸ್ಸನೆಂದು ಭಾವಿಸಿದ್ದರು. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನೂರ್ ಅವರು ಪಾಳಿ ವಂಶಕಥೆಗಳನ್ನು ಆಧರಿಸಿ, ಪಿಯದಸಿ ಎಂದರೆ ಮೌರ್ಯ ಅಶೋಕನೇ ಎಂದು ತೋರಿಸಿಕೊಟ್ಟರು. ಆ ಜೋಡಣೆಗೆ ಕಲ್ಲಿನ ಮೇಲಿನ ನೇರ ಸಾಕ್ಷ್ಯ ದೊರೆತದ್ದು 78 ವರ್ಷಗಳ ನಂತರ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರು 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಕಂಡ ಬಂಡೆಯ ಮೇಲೆ 'ದೇವಾನಂಪಿಯಸ ಅಸೋಕಸ' ಎಂಬ ಎರಡು ಪದಗಳು ಅಕ್ಕಪಕ್ಕದಲ್ಲೇ ಇದ್ದವು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೊಳದ ಬಂಡೆಗಳಲ್ಲಿಯೂ ಅಶೋಕನ ಹೆಸರು ಕಾಣಿಸಿತು.

ಪಠ್ಯದಲ್ಲಿರುವ ಒಂದು ಪದವನ್ನು ಆಯ್ದು, ಅದು ವ್ಯಕ್ತಿಯ ಹೆಸರೋ ಬಿರುದೋ ಊರೋ ಎಂದು ಬಗೆಯನ್ನು ಹೇಳಿ, ಅದು ಸೂಚಿಸುವ ವ್ಯಕ್ತಿಗೆ ಅಥವಾ ಊರಿಗೆ ಒಂದು ಸ್ಥಿರವಾದ ಗುರುತುಸಂಖ್ಯೆಯನ್ನು ಜೋಡಿಸಿಡುವುದನ್ನು ಇಂದು ಸೆಮ್ಯಾಂಟಿಕ್ ಅನೊಟೇಶನ್ ಎನ್ನುತ್ತಾರೆ. ಈ ಬರಹದಲ್ಲಿ ಅದನ್ನು ಅರ್ಥಗುರುತು ಎಂದು ಕರೆಯುತ್ತೇನೆ. ಪ್ರಿನ್ಸೆಪ್ ಮಾಡಿದ್ದು ಒಂದು ಅರ್ಥಗುರುತು, ಟರ್ನೂರ್ ಅದನ್ನು ತಿದ್ದಿದರು, ಮಸ್ಕಿಯ ಬಂಡೆ ತಿದ್ದುಪಡಿಯನ್ನು ಸ್ಥಿರಪಡಿಸಿತು. ಆ ಮೊದಲ ಊಹೆ ಯಾರದು, ಯಾವ ಆಧಾರದಿಂದ ಬಂದದ್ದು, ಯಾವಾಗ ಬದಲಾಯಿತು ಎಂಬುದು ಬರಹದಲ್ಲಿ ಉಳಿದುದರಿಂದಲೇ ನಾವು ಇಂದು ಆ ದಾರಿಯನ್ನು ಹಿಂದಕ್ಕೆ ಹಿಡಿದು ಪರೀಕ್ಷಿಸಬಹುದು.

ರಾಯಚೂರು, ಕೊಪ್ಪಳ, ಬಳ್ಳಾರಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಶಾಸನಗಳನ್ನು ಓದುತ್ತಿರುವ ಸಂಶೋಧನಾ ವಿದ್ಯಾರ್ಥಿಗಳೂ, ತಮ್ಮೂರಿನ ಕಲ್ಲುಗಳ ಪಾಠವನ್ನು ವರ್ಷಗಟ್ಟಲೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿರುವ ಶಿಕ್ಷಕರೂ ಈಚೆಗೆ ಕೇಳುತ್ತಿರುವುದು ಒಂದೇ ಪ್ರಶ್ನೆ: ಇಷ್ಟೊಂದು ಉಪಕರಣಗಳಿವೆ, ಕೃತಕ ಬುದ್ಧಿಮತ್ತೆಯೂ ಬಂದಿದೆ, ನಾವು ಯಾವುದನ್ನು ಹಿಡಿಯಬೇಕು? ವೇಗ, ಬೆಲೆ, ಕಲಿಯಲು ಬೇಕಾಗುವ ಸಮಯ ಇವೆಲ್ಲ ಮುಖ್ಯವೇ. ಆದರೆ ಅವೆಲ್ಲಕ್ಕಿಂತ ಮೊದಲು ನಾನು ನೋಡುವುದು, ಸಂದೇಹವನ್ನು ಬರೆದಿಡಲು ಆ ಉಪಕರಣದಲ್ಲಿ ಜಾಗವಿದೆಯೇ ಎಂಬುದನ್ನು.

ಕಾರಣ ನಮ್ಮ ನೆಲದಲ್ಲೇ ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನವು ಸುವರ್ಣಗಿರಿಯಿಂದ ಆರ್ಯಪುತ್ರನೂ (ರಾಜಕುಮಾರ) ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳೂ ಇಸಿಲವೆಂಬ ಊರಿನ ಮಹಾಮಾತ್ರರಿಗೆ ಕಳುಹಿಸಿದ ಮಾತೆಂದು ಆರಂಭವಾಗುತ್ತದೆ. ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಾಗಿದ್ದ ಆ ಸುವರ್ಣಗಿರಿಯನ್ನು ಕೆಲವು ವಿದ್ವಾಂಸರು ಕೊಪ್ಪಳ ಜಿಲ್ಲೆಯ ಕನಕಗಿರಿಯಲ್ಲಿ, ಕೆಲವರು ಮಸ್ಕಿಯಲ್ಲಿ, ಇನ್ನು ಕೆಲವರು ಆಂಧ್ರದ ಕರ್ನೂಲು ಸೀಮೆಯ ಎರ‍್ರಗುಡಿಗೆ ಸಮೀಪದ ಜೊನ್ನಗಿರಿಯಲ್ಲಿ ಗುರುತಿಸಿದ್ದಾರೆ. ಒಂದು ಪದಕ್ಕೆ ಒಂದೇ ಊರನ್ನು ಜೋಡಿಸಲು ಮಾತ್ರ ಬಿಡುವ ಉಪಕರಣವು ಈ ಚರ್ಚೆಯನ್ನು ಒಂದು ಕ್ಲಿಕ್ಕಿನಲ್ಲಿ ಮುಗಿಸಿಬಿಡುತ್ತದೆ. ಮುಂದಿನವರು ಭೂಪಟದ ಮೇಲಿನ ಚುಕ್ಕೆಯನ್ನು ನೋಡಿ ಅದನ್ನೇ ಸತ್ಯವೆಂದು ತಿಳಿಯುತ್ತಾರೆ.

ಉಪಕರಣಕ್ಕಿಂತ ಮೊದಲು ಪಠ್ಯ

ಹೋಲಿಕೆಗೆ ಇಳಿಯುವ ಮುನ್ನ ಪಠ್ಯದ ಸ್ಥಿತಿಯನ್ನು ನೋಡಬೇಕು. ಎಷ್ಟೋ ಕೆಲಸಗಳು ಕೆಡುವುದು ಈ ಹಂತದಲ್ಲಿಯೇ. ನಮ್ಮ ಮೂರು ಜಿಲ್ಲೆಗಳ ಶಾಸನಪಾಠಗಳು ಒಂದೇ ಕಡೆ ಅಚ್ಚಾಗಿಲ್ಲ. ಬಳ್ಳಾರಿಯು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ರಾಯಚೂರು, ಮತ್ತು ಅಂದು ಅದರೊಳಗೇ ಇದ್ದ ಕೊಪ್ಪಳ, 1956ರವರೆಗೆ ಹೈದರಾಬಾದಿಗೆ ಸೇರಿದ್ದವು. ಹೀಗಾಗಿ ಬಳ್ಳಾರಿ ಸೀಮೆಯ ಶಾಸನಗಳನ್ನು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್ ಮಾಲೆಯ 9ನೆಯ ಸಂಪುಟದಲ್ಲಿ ಹುಡುಕಬೇಕು, ಮಸ್ಕಿಯ ಮೊದಲ ಪಾಠವನ್ನು ಹೈದರಾಬಾದಿನ ಪುರಾತತ್ವ ಮಾಲೆಯಲ್ಲಿ ನೋಡಬೇಕು, ಈಚಿನ ಪಾಠಗಳಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಶಾಸನ ಸಂಪುಟಗಳಿಗೆ ಹೋಗಬೇಕು. ಹಳೆಯ ಮೈಸೂರಿಗೆ ಎಪಿಗ್ರಾಫಿಯ ಕರ್ನಾಟಿಕದಂತಹ ಒಂದೇ ಆಕರವಿರುವ ಅನುಕೂಲ ನಮಗಿಲ್ಲ. ಮೇಲಾಗಿ 1997ರಲ್ಲಿ ಕೊಪ್ಪಳವೂ 2021ರಲ್ಲಿ ವಿಜಯನಗರವೂ ಬೇರೆ ಜಿಲ್ಲೆಗಳಾದುದರಿಂದ, ಹಳೆಯ ಸಂಪುಟದಲ್ಲಿ 'ಬಳ್ಳಾರಿ ಜಿಲ್ಲೆ' ಎಂದಿರುವ ಹಂಪಿಯ ಶಾಸನ ಇಂದಿನ ಪಟ್ಟಿಯಲ್ಲಿ ಬೇರೆ ಜಿಲ್ಲೆಯಲ್ಲಿರುತ್ತದೆ. ಆದ್ದರಿಂದ ಪ್ರತಿ ಪಾಠಕ್ಕೂ ಸಂಪುಟದ ಹೆಸರು, ಅದರಲ್ಲಿನ ಕ್ರಮಸಂಖ್ಯೆ, ಸಂಪುಟ ಹೇಳುವ ಜಿಲ್ಲೆ, ಇಂದಿನ ಜಿಲ್ಲೆ ಈ ನಾಲ್ಕನ್ನೂ ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಬೇಕು.

ಎರಡನೆಯದು ಅಕ್ಷರಗಳ ವಿಷಯ. ಡಿ.ಟಿ.ಪಿ. ಅಂಗಡಿಗಳಲ್ಲಿ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟುಗಳಲ್ಲಿ ಟೈಪ್ ಮಾಡಿಸಿದ ಪಾಠವು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಯೂನಿಕೋಡ್ ಆಗಿರುವುದಿಲ್ಲ. ಅದನ್ನು ಪರಿವರ್ತಿಸದೆ ಯಾವ ಉಪಕರಣಕ್ಕೆ ಹಾಕಿದರೂ ಪ್ರಯೋಜನವಿಲ್ಲ. ಪರಿವರ್ತಿಸಿದ ಮೇಲೆ ಱ ಮತ್ತು ೞ ಅಕ್ಷರಗಳು ಉಳಿದಿವೆಯೇ ಎಂದು ಕಣ್ಣಾರೆ ನೋಡಬೇಕು. ಅವು ರ ಮತ್ತು ಳ ಆಗಿಬಿಟ್ಟರೆ ಶಾಸನದ ಕಾಲವನ್ನು ಅಂದಾಜಿಸುವ ಒಂದು ಭಾಷಿಕ ಆಧಾರವೇ ಅಳಿಸಿಹೋದಂತೆ. ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ: ಯೂನಿಕೋಡಿನಲ್ಲಿ 'ಕೊ' ಎಂಬುದರ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡು ಬೇರೆ ಪದಗಳು. ಕೊಪ್ಪಳದ ಹಳೆಯ ಹೆಸರಾದ 'ಕೊಪಣ' ಎಂದು ಹುಡುಕಿದಾಗ ಅರ್ಧದಷ್ಟು ಉಲ್ಲೇಖಗಳು ಸಿಗದೆ ಹೋಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಇಡೀ ಕಡತವನ್ನು ಮೊದಲೇ ಒಂದು ರೂಪಕ್ಕೆ ತರುವುದನ್ನು ನಾರ್ಮಲೈಸೇಶನ್ ಎನ್ನುತ್ತಾರೆ. ಅದನ್ನು ಒಮ್ಮೆ ಮಾಡಿಬಿಟ್ಟರೆ ಸಾಕು. ಅಶೋಕನ ಪ್ರಾಕೃತ ಪಾಠಗಳನ್ನು ಬ್ರಾಹ್ಮಿ, ಕನ್ನಡ, ರೋಮನ್ ಲಿಪಿಗಳ ನಡುವೆ ಬದಲಾಯಿಸಲು ಅಕ್ಷರಮುಖ ಎಂಬ ಉಚಿತ ಸಾಧನ ಚೆನ್ನಾಗಿ ಕೆಲಸ ಮಾಡುತ್ತದೆ.

ಕೈಯಿಂದ ಗುರುತು ಹಾಕುವ ದಾರಿಗಳು

ಸರಳವಾದ ದಾರಿಯಿಂದ ಆರಂಭಿಸುತ್ತೇನೆ: ಸಾಮಾನ್ಯ ಎಕ್ಸೆಲ್ ಹಾಳೆ. ಒಂದು ಊರಿನ ಅಥವಾ ಒಂದು ಹೋಬಳಿಯ ಇಪ್ಪತ್ತು ಮೂವತ್ತು ಶಾಸನಗಳಿರುವವರಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರತಿ ಉಲ್ಲೇಖಕ್ಕೂ ಒಂದು ಸಾಲು. ಶಾಸನದ ಸಂಖ್ಯೆ, ಪಂಕ್ತಿ, ಶಾಸನದಲ್ಲಿರುವ ಪದರೂಪ, ಮೂಲರೂಪ, ಬಗೆ, ಗುರುತುಸಂಖ್ಯೆ, ಖಚಿತತೆ, ಹೇಳಿದವರು ಎಂಬ ಎಂಟು ಕಾಲಮುಗಳು ಸಾಕು. ಇದರ ಕೊರತೆ ಎಂದರೆ ಗುರುತು ಪಠ್ಯದ ಮೇಲೆಯೇ ಕೂರುವುದಿಲ್ಲ. ಪಾಠವನ್ನು ತಿದ್ದಿದರೆ ಹಾಳೆ ಮತ್ತು ಪಾಠ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಎರಡನೆಯದು ರೆಕೊಗಿಟೊ. ಪ್ರಾಚೀನ ಜಗತ್ತಿನ ಸ್ಥಳಗಳನ್ನು ಜೋಡಿಸುವ ಉದ್ದೇಶದಿಂದ ಎಲ್ಟನ್ ಬಾರ್ಕರ್, ಲೀಫ್ ಇಸಾಕ್ಸನ್, ರೈನರ್ ಸೈಮನ್ ಮೊದಲಾದವರು ಕಟ್ಟಿದ ಪೆಲಾಜಿಯೋಸ್ ಯೋಜನೆಯಿಂದ ಬಂದ ಉಪಕರಣ ಇದು. ಬ್ರೌಸರಿನಲ್ಲಿ ಪಠ್ಯವನ್ನು ತೆರೆದು, ಪದವನ್ನು ಮೌಸಿನಿಂದ ಆಯ್ದು, ವ್ಯಕ್ತಿ, ಸ್ಥಳ, ಘಟನೆ ಎಂದು ಸೂಚಿಸಿದರೆ, ಸ್ಥಳವಾದಾಗ ಸ್ಥಳನಾಮ ಕೋಶಗಳಿಂದ ಸೂಚನೆಗಳನ್ನು ತಂದು ಭೂಪಟದ ಮೇಲೆ ತೋರಿಸುತ್ತದೆ. ಸೂಚನೆಯನ್ನು ಒಪ್ಪಿಕೊಳ್ಳಬಹುದು, ಬದಲಾಯಿಸಬಹುದು, ಗುರುತಿಸಲಾಗದು ಎಂದೂ ಸೂಚಿಸಬಹುದು; ಟಿಪ್ಪಣಿ ಬರೆಯಬಹುದು. ಕಂಪ್ಯೂಟರಿನಲ್ಲಿ ಹೆಚ್ಚು ಪಳಗದವರೂ ಒಂದು ಮಧ್ಯಾಹ್ನದಲ್ಲಿ ಇದನ್ನು ಕಲಿಯುತ್ತಾರೆ. ನನಗೆ ಇದರಲ್ಲಿ ಬಹಳ ಮೆಚ್ಚುಗೆಯಾದದ್ದು ಚಿತ್ರಗಳ ಮೇಲೆಯೂ ಗುರುತು ಹಾಕುವ ಸೌಲಭ್ಯ. ಶಾಸನದ ಪಡಿಯಚ್ಚಿನ ಫೋಟೋದಲ್ಲಿ ಒಂದು ಅಕ್ಷರಕ್ಕೆ ಚೌಕ ಹಾಕಿ 'ಇಲ್ಲಿ ಸಂದೇಹವಿದೆ' ಎಂದು ಬರೆಯಬಹುದು. ಹಿರೇಬೆಣಕಲ್ಲಿನ ಬೃಹತ್ ಶಿಲಾಸಮಾಧಿಗಳ ಅಥವಾ ಸಂಗನಕಲ್ಲು ಬಳಿಯ ಹಿರೇಗುಡ್ಡದ ಕುಟ್ಟುಚಿತ್ರಗಳ ಫೋಟೋಗಳಿಗೂ ಇದೇ ಕ್ರಮವನ್ನು ಅನ್ವಯಿಸಬಹುದು. ಇದರ ಸ್ವಯಂಚಾಲಿತ ಹೆಸರು ಹುಡುಕುವ ಭಾಗ ಮಾತ್ರ ಯುರೋಪಿನ ಭಾಷೆಗಳಿಗಾಗಿ ರೂಪುಗೊಂಡದ್ದು. ಕನ್ನಡಕ್ಕೆ ಅದನ್ನು ನಂಬಿ ಕೂರಬಾರದು. ಇದರ ಮುಂದುವರಿದ ರೂಪ ರೆಕೊಗಿಟೊ ಸ್ಟುಡಿಯೋ. ಯಾವುದನ್ನು ಬಳಸಿದರೂ ಕೆಲಸವನ್ನು ವಾರಕ್ಕೊಮ್ಮೆ ಇಳಿಸಿಕೊಂಡು ನಿಮ್ಮಲ್ಲಿಟ್ಟುಕೊಳ್ಳಿ. ಬೇರೆಯವರ ಸರ್ವರಿನಲ್ಲಿ ಮಾತ್ರ ಇರುವ ಕೆಲಸ ನಿಮ್ಮದಾಗಿ ಉಳಿಯುತ್ತದೆಂಬ ಭರವಸೆಯಿಲ್ಲ.

ಮೂರನೆಯದು ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಬೆಳೆದ ಇನ್ಸೆಪ್ಶನ್. ಉಚಿತ, ಮುಕ್ತ ಆಕರದ ತಂತ್ರಾಂಶ. ಜಾವಾ ಇರುವ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಇದು ಹಳ್ಳಿಯಲ್ಲಿ ಕುಳಿತು ಕೆಲಸ ಮಾಡುವವರಿಗೆ ಸಣ್ಣ ವಿಷಯವಲ್ಲ. ಗುರುತಿನ ಬಗೆಗಳನ್ನು ನಾವೇ ರೂಪಿಸಿಕೊಳ್ಳಬಹುದು. ನಮ್ಮ ಶಾಸನಗಳಿಗೆ ವ್ಯಕ್ತಿ, ಸ್ಥಳ, ಸಂಸ್ಥೆ ಎಂಬ ಮೂರು ಬಗೆಗಳು ಏನೇನೂ ಸಾಲವು. ದೇವರು, ಬಿರುದು, ಹುದ್ದೆ, ಅಳತೆ, ನಾಣ್ಯ, ತೆರಿಗೆ, ದತ್ತಿ ಇವೆಲ್ಲಕ್ಕೂ ಬೇರೆ ಬಗೆಗಳು ಬೇಕು: ಸೇನಬೋವ ಹುದ್ದೆ, ಮತ್ತರು ನೆಲದ ಅಳತೆ, ಗದ್ಯಾಣ ನಾಣ್ಯ, ಮತ್ತು ದತ್ತಿಯನ್ನು ಪಡೆಯುವಾತ ಎಷ್ಟೋ ಸಲ ಮನುಷ್ಯನಲ್ಲ, ದೇವರು. ಗುರುತನ್ನು ಇಡೀ ಪದಕ್ಕೆ ಹಾಕಬೇಕೋ ಅಕ್ಷರಗಳ ಮಟ್ಟದಲ್ಲಿ ಹಾಕಬೇಕೋ ಎಂಬುದನ್ನೂ ಇದರಲ್ಲಿ ನಿರ್ಧರಿಸಬಹುದು. ಕನ್ನಡಕ್ಕೆ ಇದು ಪ್ರಾಣಪ್ರಶ್ನೆ. ಕವಿರಾಜಮಾರ್ಗದಲ್ಲಿ ಕೊಪ್ಪಳವು 'ಮಹಾಕೊಪಣನಗರದಾ' ಎಂದು ವಿಶೇಷಣ, ಸಮಾಸ, ವಿಭಕ್ತಿಗಳೊಡನೆ ಬೆಸೆದುಕೊಂಡು ಬರುತ್ತದೆ. ಪದದ ಮಟ್ಟದಲ್ಲಿ ಮಾತ್ರ ಗುರುತು ಹಾಕುವ ಉಪಕರಣ ಅದರೊಳಗಿನ 'ಕೊಪಣ'ವನ್ನು ಬೇರ್ಪಡಿಸಲಾರದು.

ಇನ್ಸೆಪ್ಶನ್ನಿನ ಇನ್ನೊಂದು ಗುಣ, ನಾವು ಗುರುತು ಹಾಕುತ್ತಾ ಹೋದಂತೆ ಅದು ಕಲಿತು ಮುಂದಿನ ಗುರುತುಗಳನ್ನು ಸೂಚಿಸುವುದು. ಸೂಚನೆ ಸೂಚನೆಯಾಗಿಯೇ ಬೇರೆ ಬಣ್ಣದಲ್ಲಿರುತ್ತದೆ; ಮನುಷ್ಯರು ಒಪ್ಪುವವರೆಗೆ ಗುರುತಾಗುವುದಿಲ್ಲ. ಇಬ್ಬರು ಒಂದೇ ಪಾಠಕ್ಕೆ ಪ್ರತ್ಯೇಕವಾಗಿ ಗುರುತು ಹಾಕಿದರೆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಭಿನ್ನತೆಯನ್ನು ತೋರಿಸುತ್ತದೆ. ಪಿಎಚ್.ಡಿ. ಮಟ್ಟದ ಕೆಲಸಕ್ಕೆ ನಾನು ಹೆಚ್ಚಾಗಿ ಇದನ್ನೇ ಸೂಚಿಸುತ್ತೇನೆ. ಆರಂಭದ ಹೊಂದಾಣಿಕೆಗೆ ಮೂರು ನಾಲ್ಕು ದಿನ ಹಿಡಿಯುತ್ತದೆ, ಆ ದಿನಗಳಲ್ಲಿ ಬೇಸರವೂ ಆಗುತ್ತದೆ.

ನಾಲ್ಕನೆಯದು ಎಪಿಡಾಕ್. ಇದು ತಂತ್ರಾಂಶವಲ್ಲ, ಶಾಸನಗಳನ್ನು ಎಕ್ಸ್‌ಎಂಎಲ್ ಎಂಬ, ಯಂತ್ರ ಓದಬಲ್ಲ ಗುರುತುಭಾಷೆಯಲ್ಲಿ ಬರೆಯುವ ನಿಯಮಗಳ ಕಟ್ಟು. ಅಳಿದುಹೋದ ಅಕ್ಷರ, ಅಸ್ಪಷ್ಟ ಅಕ್ಷರ, ಸಂಪಾದಕರು ತುಂಬಿದ ಅಕ್ಷರ, ಪದದ ನಡುವೆಯೇ ಮುರಿಯುವ ಪಂಕ್ತಿ ಇವಕ್ಕೆಲ್ಲ ಬೇರೆಬೇರೆ ಗುರುತುಗಳಿವೆ. ಅಳಿದ, ತುಂಬಿದ ಅಕ್ಷರಗಳನ್ನು ಅಚ್ಚಿನಲ್ಲಿ ತೋರಿಸಲು ಬಳಸುವ, 1931ರ ಲೈಡನ್ ಸಂಪ್ರದಾಯದ ಕಂಸಗಳನ್ನು ಯಂತ್ರಕ್ಕೆ ತಿಳಿಯುವಂತೆ ಹೇಳುವ ಕ್ರಮವಿದು ಎನ್ನಬಹುದು. ಪ್ರತಿ ಗುರುತಿಗೂ ಖಚಿತತೆಯ ಮಟ್ಟವನ್ನೂ ಅದಕ್ಕೆ ಹೊಣೆಯಾದವರನ್ನೂ ಬರೆಯಬಹುದು. ಸಂದೇಹಕ್ಕೆ ಇಷ್ಟು ವಿಶಾಲವಾದ ಜಾಗವನ್ನು ಬೇರಾವುದೂ ಕೊಡುವುದಿಲ್ಲ. ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಶಾಸನಗಳಿಗಾಗಿ ಯುರೋಪಿನಲ್ಲಿ 2019ರಲ್ಲಿ ಆರಂಭವಾದ ಧರ್ಮ ಎಂಬ ಹೆಸರಿನ ಯೋಜನೆ ಎಪಿಡಾಕನ್ನೇ ಬಳಸುತ್ತಿರುವುದರಿಂದ, ನಮ್ಮ ಕಡತಗಳು ಅವರವುಗಳೊಡನೆ ಹೊಂದಿಕೊಳ್ಳುವ ಸಾಧ್ಯತೆಯೂ ಇದೆ. ಆದರೆ ಒಬ್ಬರೇ ಕುಳಿತು ನೂರು ಶಾಸನಗಳನ್ನು ಹೀಗೆ ಬರೆಯುವುದು ಕಷ್ಟ. ವಿಶ್ವವಿದ್ಯಾಲಯದ ವಿಭಾಗ ಅಥವಾ ನಾಲ್ಕೈದು ಜನರ ತಂಡ ಕೈಗೊಂಡರೆ ಮಾತ್ರ ಇದು ದಡ ಸೇರುತ್ತದೆ.

ಗುರುತುಸಂಖ್ಯೆ ಎಲ್ಲಿಂದ ತರುವುದು

ಪ್ರಾಚೀನ ಸ್ಥಳಗಳ ಕೋಶವೆಂದರೆ ಎಲ್ಲರೂ ಮೊದಲು ಹೇಳುವುದು ಪ್ಲೀಯಡೀಸ್. ಗ್ರೀಕ್ ಮತ್ತು ರೋಮನ್ ಜಗತ್ತಿಗೆ ಅದು ಅತ್ಯುತ್ತಮ. ಸ್ಥಳ, ಅದರ ಹೆಸರುಗಳು, ಅದರ ನೆಲೆ ಈ ಮೂರನ್ನೂ ಬೇರೆಬೇರೆಯಾಗಿ ಇಟ್ಟು ಪ್ರತಿಯೊಂದಕ್ಕೂ ಕಾಲವನ್ನು ಸೂಚಿಸುವ ಅದರ ಕ್ರಮವನ್ನು ನಾವು ಅನುಸರಿಸಲೇಬೇಕು. ಆದರೆ ತುಂಗಭದ್ರೆಯ ದಡದ ಊರುಗಳಿಗಾಗಿ ಅದನ್ನು ನೆಚ್ಚಿಕೊಳ್ಳಲಾಗದು. ಜಿಯೋನೇಮ್ಸ್ ಇಂದಿನ ಊರುಗಳನ್ನು ಕೊಡುತ್ತದೆ, ಹಿಂದಿನದನ್ನು ಹೇಳುವುದಿಲ್ಲ. ವರ್ಲ್ಡ್ ಹಿಸ್ಟಾರಿಕಲ್ ಗೆಜೆಟಿಯರ್ ನಮ್ಮದೇ ಪಟ್ಟಿಯನ್ನು ಸೇರಿಸಲು ಅವಕಾಶ ಕೊಡುತ್ತದೆ, ಒಂದು ಸ್ಥಳಕ್ಕೆ ಕಾಲಕಾಲದ ಹಲವು ಹೆಸರುಗಳನ್ನು ಇಡಬಹುದು. ವಿಕಿಡೇಟಾದಲ್ಲಿ ಕನ್ನಡದಲ್ಲೇ ಹೆಸರು ಬರೆಯಬಹುದು, ಹೊಸ ನಮೂದನ್ನು ಯಾರು ಬೇಕಾದರೂ ಮಾಡಬಹುದು, ಒಂದೇ ಪ್ರಶ್ನೆಗೆ ಆಧಾರಸಹಿತವಾಗಿ ಹಲವು ಉತ್ತರಗಳನ್ನೂ ಇಡಬಹುದು. ನಮ್ಮ ಭಾಗದವರಿಗೆ ಇಂದು ಹೆಚ್ಚು ಉಪಯುಕ್ತವಾದದ್ದು ವಿಕಿಡೇಟಾ ಎಂದೇ ನನ್ನ ಎಣಿಕೆ. ಯಾರು ಬೇಕಾದರೂ ಬದಲಾಯಿಸಬಹುದೆಂಬ ಅಳುಕಿಗೆ ಪರಿಹಾರವೆಂದರೆ, ನಮ್ಮದೇ ಒಂದು ಸ್ಥಳೀಯ ಪಟ್ಟಿಯನ್ನು ಮೂಲವಾಗಿಟ್ಟುಕೊಂಡು ಅದರಿಂದ ಹೊರಗಿನ ಕೋಶಗಳಿಗೆ ಕೊಂಡಿ ಹಾಕುವುದು.

ಆ ಸ್ಥಳೀಯ ಪಟ್ಟಿಯಲ್ಲಿ ಊರುಗಳಷ್ಟೇ ಇದ್ದರೆ ಸಾಲದು. 'ಎಡೆದೊರೆ ಎರಡುಸಾಸಿರ' ಎಂದರೆ ಕೃಷ್ಣಾ ತುಂಗಭದ್ರೆಗಳ ನಡುವಿನ ನಾಡು. 'ಬಳ್ಳಕುಂದೆ ಮುನ್ನೂರು', 'ನೊಳಂಬವಾಡಿ ಮೂವತ್ತೆರಡು ಸಾಸಿರ' ಎಂಬುವೂ ಆಡಳಿತ ವಿಭಾಗಗಳ ಹೆಸರುಗಳು. ಇಲ್ಲಿನ ಸಂಖ್ಯೆ ಹೆಸರಿನ ಅಂಗ. ಅದನ್ನು ಎಣಿಕೆಯೆಂದು ತಿಳಿದು ಬೇರೆ ಗುರುತು ಹಾಕಿದರೆ ನಾಡೇ ಮಾಯವಾಗುತ್ತದೆ, ಮತ್ತು ಕೃತಕ ಬುದ್ಧಿಮತ್ತೆಯ ಮಾದರಿಗಳು ಎಡವುವುದೂ ಇಂತಹ ಕಡೆಯೇ.

ಕೃತಕ ಬುದ್ಧಿಮತ್ತೆಯ ಬಗೆಗಳು

ಕೃತಕ ಬುದ್ಧಿಮತ್ತೆ ಎಂದು ಒಂದೇ ಹೆಸರಿನಲ್ಲಿ ಕರೆಯುತ್ತಿದ್ದರೂ ನಮ್ಮ ಕೆಲಸಕ್ಕೆ ಸಂಬಂಧಿಸಿದಂತೆ ನಾಲ್ಕು ಬೇರೆಬೇರೆ ವಸ್ತುಗಳಿವೆ, ಅವುಗಳನ್ನು ಬೆರೆಸಬಾರದು.

ಪತ್ರಿಕೆಗಳಲ್ಲಿ ಹೆಚ್ಚು ಸುದ್ದಿಯಾದದ್ದು ಶಾಸನಗಳಿಗೆಂದೇ ತರಬೇತಾದ ಮಾದರಿಗಳು. 2022ರಲ್ಲಿ ಡೀಪ್‌ಮೈಂಡ್ ಮತ್ತು ಯುರೋಪಿನ ವಿದ್ವಾಂಸರು ಗ್ರೀಕ್ ಶಾಸನಗಳಿಗಾಗಿ ಇಥಾಕಾ ಎಂಬ ಮಾದರಿಯನ್ನು ಪ್ರಕಟಿಸಿದರು. ಅಳಿದ ಅಕ್ಷರಗಳನ್ನು ತುಂಬುವುದರಲ್ಲಿ ಅದೊಂದೇ 62 ಶೇಕಡಾ ಸರಿಯಾಗಿತ್ತು. ಅದರ ನೆರವಿಲ್ಲದ ಇತಿಹಾಸಕಾರರು 25 ಶೇಕಡಾ, ಅದರ ಸೂಚನೆಗಳನ್ನು ಮುಂದಿಟ್ಟುಕೊಂಡು ತಾವೇ ನಿರ್ಧರಿಸಿದ ಇತಿಹಾಸಕಾರರು 72 ಶೇಕಡಾ. ಈ ಮೂರು ಅಂಕಿಗಳಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಮೂರನೆಯದು. 2025ರಲ್ಲಿ ಲ್ಯಾಟಿನ್ ಶಾಸನಗಳಿಗೆ ಈನಿಯಾಸ್ ಬಂದಿತು. ಅದರ ಹಿಂದೆ 1,76,000ಕ್ಕೂ ಹೆಚ್ಚು ಶಾಸನಗಳ ಸಂಗ್ರಹವಿದೆ, ಮತ್ತು ಅದು ಒಂದು ಶಾಸನಕ್ಕೆ ಹೋಲುವ ಬೇರೆ ಶಾಸನಗಳನ್ನೂ ಹುಡುಕಿ ಮುಂದಿಡುತ್ತದೆ. ಇವೆರಡೂ ಕನ್ನಡಕ್ಕೆ ನೇರವಾಗಿ ಒದಗುವುದಿಲ್ಲ. ಇವನ್ನು ಸಾಧ್ಯವಾಗಿಸಿದ್ದು ದಶಕಗಳ ಕಾಲ ಒಂದೇ ಕ್ರಮದಲ್ಲಿ ಯಂತ್ರಕ್ಕೆ ಊಡಿಸಿದ ಪಠ್ಯಗಳು. ನಮ್ಮ ಪಾಠಗಳು ಬಹುಪಾಲು ಅಚ್ಚಿನ ಸಂಪುಟಗಳಲ್ಲೇ ಇವೆ. ಹಾಗಾಗಿ ಇಥಾಕಾದಂತಹುದು ನಮಗೆ ಯಾವಾಗ ಬರುತ್ತದೆ ಎಂದು ಕೇಳುವವರಿಗೆ, ನಿಮ್ಮ ಹೋಬಳಿಯ ಮೂವತ್ತು ಪಾಠಗಳನ್ನು ಯೂನಿಕೋಡಿನಲ್ಲಿ ತಪ್ಪಿಲ್ಲದೆ ಬರೆದಿಡಿ ಎಂದು ಹೇಳುತ್ತೇನೆ.

ಎರಡನೆಯದು ಅಕ್ಷರ ಓದುವ ಸಾಧನಗಳು. ಅಚ್ಚಿನ ಸಂಪುಟಗಳಿಗೆ ಟೆಸರಾಕ್ಟ್ ಉಚಿತವಾಗಿ ದೊರೆಯುತ್ತದೆ, ಅದರಲ್ಲಿ ಕನ್ನಡವಿದೆ. ಹಳೆಯ ಅಚ್ಚಿನ ಒತ್ತಕ್ಷರ ಮತ್ತು ಱ, ೞ ಅಕ್ಷರಗಳಲ್ಲಿ ತಪ್ಪು ನಿರೀಕ್ಷಿತ. ಕೈಬರಹಕ್ಕೆ ಟ್ರಾನ್ಸ್‌ಕ್ರಿಬಸ್ ಮತ್ತು ಇ-ಸ್ಕ್ರಿಪ್ಟೋರಿಯಂ ಇವೆ. ಮೊದಲನೆಯದರಲ್ಲಿ ಪುಟದ ಲೆಕ್ಕದಲ್ಲಿ ಶುಲ್ಕ ಬೀಳುತ್ತದೆ, ಎರಡನೆಯದು ಮುಕ್ತ ಆಕರದ್ದು, ಆದರೆ ಅದನ್ನು ಸ್ಥಾಪಿಸಲು ತಿಳಿದವರು ಬೇಕು. ಕಲ್ಲಿನ ಮೇಲಿನ ಸವೆದ ಅಕ್ಷರಕ್ಕೆ ಇವಾವುವೂ ಮದ್ದಲ್ಲ. ಅಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿ ಕೈಗೊಂಡಿರುವಂತಹ ಮೂರು ಆಯಾಮದ ಸ್ಕ್ಯಾನಿಂಗ್ ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ಒಂದೇ ಅಕ್ಷರವನ್ನು ಹತ್ತು ಸಲ ನೋಡಬಹುದು.

ಮೂರನೆಯದು ಹೆಸರುಗಳನ್ನು ಹುಡುಕುವ ಸಣ್ಣ ಮಾದರಿಗಳು. ಐಐಟಿ ಮದ್ರಾಸಿನ ಎಐ4ಭಾರತ್ ಪ್ರಕಟಿಸಿರುವ ಇಂಡಿಕ್‌ನೆರ್ ಕನ್ನಡವೂ ಸೇರಿದಂತೆ 11 ಭಾರತೀಯ ಭಾಷೆಗಳಲ್ಲಿ ವ್ಯಕ್ತಿ, ಸ್ಥಳ, ಸಂಸ್ಥೆಗಳನ್ನು ಗುರುತಿಸುತ್ತದೆ. ಅದು ಕಲಿತದ್ದು ಇಂದಿನ ಕನ್ನಡವನ್ನು. ಶಾಸನದ ಆಧುನಿಕ ಕನ್ನಡ ಸಾರಾಂಶಕ್ಕೆ ಅದನ್ನು ಬಳಸಿದರೆ ಉಪಯೋಗವಾಗುತ್ತದೆ. 'ಶ್ರೀಮನ್ಮಹಾಮಂಡಳೇಶ್ವರಂ' ಎಂದು ಆರಂಭವಾಗುವ ಮೂಲಪಾಠಕ್ಕೆ ಬಳಸಿದರೆ ಆಗುವುದಿಲ್ಲ. ಆದರೆ ನೂರು ಇನ್ನೂರು ಪಾಠಗಳಿಗೆ ನಾವೇ ಗುರುತು ಹಾಕಿ ಕೊಟ್ಟರೆ ಇಂತಹ ಮಾದರಿಯನ್ನು ಮತ್ತೆ ತರಬೇತಿಗೊಳಿಸಬಹುದು, ಮತ್ತು ಅದು ತಪ್ಪಿದರೂ ಒಂದೇ ಬಗೆಯಲ್ಲಿ ತಪ್ಪುವುದರಿಂದ ತಿದ್ದುವುದು ಸುಲಭ.

ನಾಲ್ಕನೆಯದು ಚಾಟ್‌ಜಿಪಿಟಿ, ಜೆಮಿನಿ ಮುಂತಾದ ದೊಡ್ಡ ಭಾಷಾ ಮಾದರಿಗಳು. ಇವುಗಳಲ್ಲಿ ನಿಜವಾದ ಶಕ್ತಿಯಿದೆ, ಅದನ್ನು ಅಲ್ಲಗಳೆಯುವುದು ತರವಲ್ಲ: ಯಾವ ತರಬೇತಿಯೂ ಇಲ್ಲದೆ ಒಂದು ದಾನಶಾಸನದಲ್ಲಿ ದಾನಿ, ದತ್ತಿ, ಪಡೆದ ದೇವರು, ಶಾಪಾಶಯ ಇವನ್ನು ಬೇರ್ಪಡಿಸಿ ಕೊಡುತ್ತವೆ, ಎಕ್ಸೆಲ್ ಹಾಳೆಯನ್ನು ಎಪಿಡಾಕ್ ರೂಪಕ್ಕೆ ತರುವ ಯಾಂತ್ರಿಕ ಕೆಲಸವನ್ನು ನಿಮಿಷಗಳಲ್ಲಿ ಮುಗಿಸುತ್ತವೆ. ಅಪಾಯವಿರುವುದು ಅವು ಸಂದೇಹವನ್ನು ತೋರಿಸದೆ ಉತ್ತರಿಸುವುದರಲ್ಲಿ. ಕೊಪ್ಪಳ ಜಿಲ್ಲೆಯ ಇಟಗಿಯ ದೇವಾಲಯವನ್ನೇ ತೆಗೆದುಕೊಳ್ಳಿ. 1112ರಲ್ಲಿ ಅದನ್ನು ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ, ಗುಡಿಯ ಹೆಸರು ಮಹಾದೇವ ದೇವಾಲಯ, ದೇವರೂ ಮಹಾದೇವನೇ. ಒಂದೇ ಪದ ಒಂದು ಕಡೆ ವ್ಯಕ್ತಿ, ಇನ್ನೊಂದು ಕಡೆ ದೇವರು, ಮತ್ತೊಂದು ಕಡೆ ಕಟ್ಟಡ. ಹಾಗೆಯೇ 'ಜಗದೇಕಮಲ್ಲ' ಎಂಬುದು ಎರಡನೆಯ ಜಯಸಿಂಹನ ಬಿರುದೂ ಹೌದು, ಒಂದು ಶತಮಾನದ ನಂತರದ ಎರಡನೆಯ ಜಗದೇಕಮಲ್ಲನ ಹೆಸರೂ ಹೌದು. ಕಾಲಗಣನೆಯಲ್ಲಿಯೂ ಇದೇ ತೊಡಕು. ಚಾಲುಕ್ಯ ವಿಕ್ರಮ ವರ್ಷ 37 ಎಂದರೆ, ಆ ಗಣನೆ ಕ್ರಿ.ಶ. 1076ರಲ್ಲಿ ಆರಂಭವಾದುದರಿಂದ, ಕ್ರಿ.ಶ. 1112. ಅದನ್ನು ಉತ್ತರದ ವಿಕ್ರಮ ಸಂವತ್ಸರವೆಂದು ಎಣಿಸಿದರೆ ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗುತ್ತದೆ. ಇಂತಹ ಕಡೆ ಮಾದರಿಯ ಉತ್ತರವನ್ನು ಒಂದೊಂದಾಗಿ ನೋಡದೆ ಒಪ್ಪಿಕೊಂಡರೆ ತಪ್ಪುಗಳು ಗುರುತುಸಂಖ್ಯೆಯ ಮರ್ಯಾದೆಯನ್ನು ಪಡೆದು ಕಡತದೊಳಗೆ ನೆಲೆಯೂರಿಬಿಡುತ್ತವೆ.

ಪರೀಕ್ಷಿಸಿ ನೋಡುವ ಕ್ರಮ

ಯಾವ ಮಾದರಿಯನ್ನಾದರೂ ನಂಬುವ ಮೊದಲು ನಿಮ್ಮ ಪಾಠಗಳ ಮೇಲೆಯೇ ಅದನ್ನು ಅಳೆಯಬೇಕು. ಹತ್ತು ಶಾಸನಗಳಿಗೆ ನೀವೇ ಗುರುತು ಹಾಕಿ ಬದಿಗಿಡಿ. ಗುರುತಿಲ್ಲದ ಪ್ರತಿಯನ್ನು ಮಾದರಿಗೆ ಕೊಡಿ. ಪಾಠಗಳಲ್ಲಿ ಒಟ್ಟು 60 ಹೆಸರುಗಳಿದ್ದು, ಮಾದರಿ 40ನ್ನು ತೋರಿಸಿ, ಅವುಗಳಲ್ಲಿ 30 ಸರಿಯಾಗಿದ್ದರೆ, ಅದು ಹೇಳಿದ್ದರಲ್ಲಿ 75 ಶೇಕಡಾ ಸರಿ, ಆದರೆ ಇದ್ದುದರಲ್ಲಿ ಕಂಡದ್ದು 50 ಶೇಕಡಾ ಮಾತ್ರ. ಎರಡೂ ಅಂಕಿಗಳನ್ನು ನೋಡಬೇಕು. ತಪ್ಪು ಗುರುತನ್ನು ಅಳಿಸುವುದಕ್ಕಿಂತ ಕಾಣದೆ ಉಳಿದ ಹೆಸರನ್ನು ಹುಡುಕುವುದು ಹೆಚ್ಚು ಶ್ರಮದ್ದಾದುದರಿಂದ, ಸೂಚನೆ ಕೊಡುವ ಮಾದರಿಯಲ್ಲಿ ಎರಡನೆಯ ಅಂಕಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಈ ಪರೀಕ್ಷೆಯನ್ನು ಮಸ್ಕಿಯ ಶಾಸನದ ಮೇಲೋ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಅಶೋಕ ಶಾಸನಗಳ ಮೇಲೋ ಮಾಡಬಾರದು. ಅವುಗಳ ಪಾಠ, ಅನುವಾದ, ಚರ್ಚೆ ಎಲ್ಲವೂ ಇಂಟರ್ನೆಟ್ಟಿನಲ್ಲಿ ಹರಡಿಕೊಂಡಿರುವುದರಿಂದ ದೊಡ್ಡ ಭಾಷಾ ಮಾದರಿ ಅವನ್ನು ಮೊದಲೇ ಓದಿಕೊಂಡಿರುತ್ತದೆ; ಉತ್ತರ ನೆನಪಿನಿಂದ ಬರುತ್ತದೆ, ಓದಿನಿಂದಲ್ಲ. ನನ್ನ ವಿದ್ಯಾರ್ಥಿಗಳೊಡನೆ ಮೊದಲ ಸಲ ಈ ಪ್ರಯೋಗ ಮಾಡಿದಾಗ ಇದೇ ತಪ್ಪನ್ನು ಮಾಡಿ, ಫಲಿತಾಂಶವನ್ನು ಕಂಡು ಬಹಳ ಸಂತೋಷಪಟ್ಟಿದ್ದೆವು. ಅನಂತರ ಹಳ್ಳಿಯೊಂದರ ವೀರಗಲ್ಲಿನ ಪಾಠವನ್ನು ಕೊಟ್ಟಾಗ ಅದೇ ಮಾದರಿ ವೀರನ ಹೆಸರನ್ನೂ ಊರಿನ ಹೆಸರನ್ನೂ ಅದಲುಬದಲು ಮಾಡಿತು. ಅಂದಿನಿಂದ ಎಲ್ಲಿಯೂ ಚರ್ಚೆಯಾಗದ ಸಣ್ಣ ಶಾಸನಗಳನ್ನೇ ಪರೀಕ್ಷೆಗೆ ಇಟ್ಟುಕೊಂಡಿದ್ದೇವೆ.

ಯಾರಿಗೆ ಯಾವುದು

ಒಂದೂರಿನ ಶಾಸನಗಳನ್ನು ಒಬ್ಬರೇ ಸಂಗ್ರಹಿಸುತ್ತಿರುವವರು ಎಕ್ಸೆಲ್ ಹಾಳೆ ಮತ್ತು ವಿಕಿಡೇಟಾದಿಂದ ಆರಂಭಿಸಲಿ. ಭೂಪಟ ಮತ್ತು ಫೋಟೋ ಮುಖ್ಯವೆನಿಸಿದಾಗ ರೆಕೊಗಿಟೊಗೆ ಹೋಗಲಿ. ನೂರಕ್ಕಿಂತ ಹೆಚ್ಚು ಪಾಠಗಳ ಮೇಲೆ ಪ್ರಬಂಧ ಬರೆಯುವವರು ಇನ್ಸೆಪ್ಶನ್ನನ್ನು ಆರಿಸಿ, ಇನ್ನೊಬ್ಬ ಓದುಗರನ್ನು ಜೊತೆಗೆ ಸೇರಿಸಿಕೊಂಡು, ಇಬ್ಬರೂ ಬೇರೆಬೇರೆಯಾಗಿ ಗುರುತು ಹಾಕಲಿ. ಸಂಸ್ಥೆಯ ಮಟ್ಟದಲ್ಲಿ ಪ್ರಕಟಿಸುವವರಿಗೆ ಎಪಿಡಾಕ್ ಬಿಟ್ಟು ಬೇರೆ ದಾರಿಯನ್ನು ನಾನು ಸೂಚಿಸಲಾರೆ. ದೊಡ್ಡ ಭಾಷಾ ಮಾದರಿಯನ್ನು ಈ ಮೂವರೂ ಬಳಸಬಹುದು. ಆದರೆ ಅದು ಕೊಟ್ಟ ಪ್ರತಿ ಗುರುತಿನ 'ಹೇಳಿದವರು' ಕಾಲಮಿನಲ್ಲಿ ಮಾದರಿಯ ಹೆಸರು, ದಿನಾಂಕ, ಅದನ್ನು ಪರಿಶೀಲಿಸಿದವರ ಹೆಸರು ಮೂರೂ ಇರಬೇಕು.

ಸುವರ್ಣಗಿರಿಗೆ ನಮ್ಮ ಹಾಳೆಯಲ್ಲಿ ಈಗ ನಾಲ್ಕು ಸಾಲುಗಳಿವೆ. ಮೊದಲನೆಯದರಲ್ಲಿ ಬ್ರಹ್ಮಗಿರಿ ಶಾಸನದ ಪದರೂಪ, 'ಸ್ಥಳ' ಎಂಬ ಬಗೆ, ಮತ್ತು ಯಾವ ಇಂದಿನ ಊರಿಗೂ ಸೇರದ, ಸುವರ್ಣಗಿರಿಗೇ ಸ್ವಂತವಾದ ಒಂದು ಗುರುತುಸಂಖ್ಯೆ. ಇದರ ಖಚಿತತೆ ಹೆಚ್ಚು. ಉಳಿದ ಮೂರು ಸಾಲುಗಳು ಆ ಸಂಖ್ಯೆಯನ್ನು ಕನಕಗಿರಿಗೆ, ಮಸ್ಕಿಗೆ, ಜೊನ್ನಗಿರಿಗೆ ಜೋಡಿಸುತ್ತವೆ. ಪ್ರತಿಯೊಂದರ ಎದುರಿಗೂ ಆ ಅಭಿಪ್ರಾಯದ ಆಕರ ಮತ್ತು ಪುಟಸಂಖ್ಯೆ, ಖಚಿತತೆಯ ಕಾಲಮಿನಲ್ಲಿ 'ಕಡಿಮೆ' ಎಂಬ ಪದ. ಭೂಪಟ ಬಿಡಿಸಿದಾಗ ಮೂರು ಚುಕ್ಕೆಗಳು ಬೀಳುತ್ತವೆ, ಮೂರೂ ಟೊಳ್ಳು ವೃತ್ತಗಳಾಗಿ. ಆ ಮೂರರಲ್ಲಿ ಯಾವುದಾದರೂ ಊರಿನಲ್ಲಿ ಮುಂದೊಂದು ದಿನ ಮಸ್ಕಿಯಂತಹ ಬಂಡೆ ದೊರೆತರೆ, ಒಂದು ಸಾಲಿನ ಒಂದು ಪದವನ್ನು ಮಾತ್ರ ಬದಲಾಯಿಸಿದರಾಯಿತು.